ಎಂಬತ್ತು ಹಲ್ಲು, ಒಂದು ಶೂ ರ‍್ಯಾಕು

ಆ ಚಳಿಗಾಲದಲ್ಲಿ ಸೀನುವಿನ ಮನೆಯ ಕಾರ್ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಒಂದು ತೊಟ್ಟಿಲು. ಇದು ಮನೆಯವರಿಗೆಲ್ಲ ಗೊತ್ತಿತ್ತು. ಎದುರು ಮನೆಯವರಿಗೆ ಗೊತ್ತಿತ್ತು, ಬೆಳಿಗ್ಗೆ ಮೊಳ ಹೂವು ಕೊಟ್ಟು ಹೋಗುವವಳಿಗೂ ಗೊತ್ತಿತ್ತು. ಆದರೆ ಎಲ್ಲರೂ ಅದನ್ನು ಶೂ ರ‍್ಯಾಕು ಎಂದೇ ಕರೆಯುತ್ತಿದ್ದರು. ಮೊದಲ ಸಲ ಹಾಗೆ ಕರೆದದ್ದು ಸೀನುವೇ. ಒಮ್ಮೆ ಬಾಯಿಂದ ಬಿದ್ದ ಸುಳ್ಳನ್ನು ಸಾಕಿ ಸಲಹಿ ದೊಡ್ಡದು ಮಾಡುವುದರಲ್ಲಿ ಆ ಮನೆಯವರು ಯಾರಿಗೂ ಕಮ್ಮಿ ಇರಲಿಲ್ಲ.

ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ತಿಲಕ್ ನಗರಕ್ಕೆ ಹೋಗುವ ರಸ್ತೆಯ ಮೇಲೆ ಆ ಮನೆ. ಸೀನು ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಕೂತು, ಬೇರೆಯವರು ಮಾಡುವ ಯಂತ್ರಗಳ ನಕ್ಷೆ ಬರೆದು ಬರೆದು ನಿವೃತ್ತನಾದವನು. ಸ್ವಂತ ಕೈಯಿಂದ ಒಂದು ಸ್ಟೂಲನ್ನೂ ಮಾಡಿದವನಲ್ಲ. ನಿವೃತ್ತಿಯ ಮಾರನೇ ವರ್ಷ ಕಾರನ್ನು ಬೀದಿಗೆ ತಳ್ಳಿ, ಶೆಡ್ಡಿನಲ್ಲಿ ಮೇಜಿನಂಥ ಒಂದು ಗರಗಸದ ಮಶೀನು ತಂದಿಟ್ಟುಕೊಂಡ. ಮೇಜಿನ ಮಧ್ಯದ ಸೀಳಿನಿಂದ ಗುಂಡು ಬ್ಲೇಡು ಅರ್ಧ ಮೇಲೆ ಎದ್ದು ತಿರುಗುತ್ತದೆ, ನಾವು ಮರವನ್ನು ಅದರತ್ತ ತಳ್ಳಬೇಕು. ಹೆಂಡತಿ ಅಲಮೇಲುವಿಗೆ ಆ ಮಶೀನಿನ ಮೇಲೆ ಇದ್ದದ್ದು ಒಂದೇ ದೂರು. ಒಣಗಲು ಹಾಕಿದ ಬಟ್ಟೆಯೆಲ್ಲ ಮರದ ಪುಡಿ ಹಿಡಿದು, ತೊಟ್ಟರೆ ಮೈ ನವೆಯಾಗುತ್ತದೆ ಎಂಬುದು.

ಹೆರಿಗೆಗೆ ಮುಂಚೆ ಮಗುವಿನ ಸಾಮಾನು ಮನೆಗೆ ತರಬಾರದು. ಇದು ಅಲಮೇಲುವಿನ ತವರಿನ ನಿಯಮ, ಗಂಡನ ಮನೆಯ ನಿಯಮ, ಆ ಬೀದಿಯ ಅರ್ಧ ಮನೆಗಳ ನಿಯಮ. ತೊಟ್ಟಿಲು ಹಾಗಿರಲಿ, ಬೆರಳಗಲದ ಒಂದು ಕಾಲುಚೀಲವನ್ನೂ ತರುವಂತಿಲ್ಲ. ಎರಡು ವರ್ಷದ ಹಿಂದೆ ಮಗಳು ಮೈತ್ರೇಯಿ ಮತ್ತು ಅಳಿಯ ಸುಶ್ರುತ ಇದಕ್ಕೆಲ್ಲ ನಕ್ಕು, ಬಿಟಿಎಂ ಲೇಔಟಿನ ತಮ್ಮ ಬಾಡಿಗೆ ಮನೆಗೆ ಆನ್‌ಲೈನಿನಲ್ಲಿ ತೊಟ್ಟಿಲು ತರಿಸಿದ್ದರು, ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದರು. ಐದನೇ ತಿಂಗಳಲ್ಲಿ ಮಗು ಉಳಿಯಲಿಲ್ಲ. ಇದು ಯಾರ ಕೈಯಲ್ಲೂ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಅಲಮೇಲು ಮಾತ್ರ ಆಸ್ಪತ್ರೆಯ ಹಜಾರದಲ್ಲಿ ನಿಂತು, ಅಳುತ್ತಲೇ, "ಎಲ್ಲಾ ಮುಂಚೇನೇ ತಂದಿಟ್ಕೊಂಡ್ರಲ್ಲ, ಇನ್ನೇನಾಗತ್ತೆ" ಎಂದುಬಿಟ್ಟಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂಚದ ಮೇಲಿದ್ದ ಮೈತ್ರೇಯಿಗೆ ಅದು ಕೇಳಿಸಿತು, ಕೇಳಿಸಿದ್ದು ಅಲಮೇಲುವಿಗೂ ಗೊತ್ತಾಯಿತು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಊಟ ಆಯ್ತಾ, ಆ ಕಡೆ ಮಳೆ ಬಂತಾ ಎಂದು ಫೋನಿನಲ್ಲಿ ಕೇಳಿಕೊಂಡೇ ಇಷ್ಟು ದಿನ ಕಳೆದಿದ್ದರು.

ಈಗ ಮೈತ್ರೇಯಿಗೆ ಮತ್ತೆ ದಿನ ತುಂಬುತ್ತಿತ್ತು. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಬೆಳಿಗ್ಗೆ ಮನೆಯಿಂದಲೇ ಆಫೀಸಿನ ಕೆಲಸ, ಸಂಜೆ ಅಜ್ಜಿಯ ಜೊತೆ ಅಂಗಳದಲ್ಲಿ ಓಡಾಟ. ಸುಶ್ರುತ ಆಫೀಸು ಮುಗಿಸಿ ದಿನಾ ಬಂದು ಊಟ ಮಾಡಿ ಹೋಗುತ್ತಿದ್ದ. ಮನೆಯಲ್ಲಿ ಯಾರೂ ಮಗು ಎಂಬ ಪದವನ್ನು ಬಾಯಿಗೆ ತರುತ್ತಿರಲಿಲ್ಲ. ಮೈತ್ರೇಯಿಯ ಹೊಟ್ಟೆ ಮಾತ್ರ ಎಲ್ಲರಿಗಿಂತ ಮುಂದೆ ನಡುಮನೆಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುತ್ತ ಸೀನು ಹಳೆಯ ಕ್ಯಾಲೆಂಡರಿನ ಹಿಂದೆ ಏನೋ ಬರೆಯುತ್ತಿದ್ದ. ಅಲಮೇಲು ಚಟ್ನಿ ಬಡಿಸಲು ಬಗ್ಗಿದವಳು ನೋಡಿದಳು. ಎರಡು ಪಕ್ಕಕ್ಕೂ ಸಾಲಾಗಿ ಪಟ್ಟಿ, ತಲೆಯ ಕಡೆ ಒಂದು ಹಲಗೆ, ಕಾಲ ಕಡೆ ಒಂದು ಹಲಗೆ, ಕೆಳಗೆ ಬಿಲ್ಲಿನ ಹಾಗೆ ಬಗ್ಗಿದ ಎರಡು ಕಾಲು.

"ಏನ್ರೀ ಇದು?"

ಸೀನು ತಲೆ ಎತ್ತಲಿಲ್ಲ. "ಶೂ ರ‍್ಯಾಕು" ಎಂದ.

ಮನೆಯಲ್ಲಿ ಆಗಲೇ ಒಂದು ಶೂ ರ‍್ಯಾಕು ಇತ್ತು, ಅದರಲ್ಲಿ ಅರ್ಧ ಖಾಲಿಯೂ ಇತ್ತು. ಅಲಮೇಲು ಚಟ್ನಿ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟು ಒಳಗೆ ಹೋದಳು. ಸೀನುವಿನ ತಾಯಿ ಅಮ್ಮಣ್ಣಿ ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ವಯಸ್ಸು ಎಂಬತ್ತು ದಾಟಿತ್ತು, ಆದರೆ ಹೊಸದೇನು ಕಂಡರೂ ಮೂಗು ತೂರಿಸದೆ ಇರುತ್ತಿರಲಿಲ್ಲ. ಕಾಲು ಯಾಕೆ ಬಗ್ಗಿದೆ ಎಂದು ಕೇಳಿದರು. ಸ್ಟೈಲು ಎಂದ ಮಗ. ಶೂಗಳು ಅಲುಗಾಡುತ್ತಾವಾ ಎಂದು ಕೇಳಿದರು. ಸೀನು ರೊಟ್ಟಿ ಬಾಯಿಗೆ ತುರುಕಿಕೊಂಡ.

ಅಡುಗೆಮನೆಯಲ್ಲಿ ಅಲಮೇಲು ಅತ್ತೆಯ ಮುಂದೆ ಕಣ್ಣೀರು ಹಾಕಿದಳು. ಹುಟ್ಟಿದ ಮೇಲೆ ಅಂಗಡಿಯಿಂದ ತಂದರಾಗದೇ, ಇವರಿಗೆ ಈಗಲೇ ಯಾಕೆ ಬೇಕು ಎಂದಳು. ಅಮ್ಮಣ್ಣಿ ಮಗನ ಕೆಲಸದ ವೇಗ ಬಲ್ಲವರು. ಹುಟ್ಟಿದ ಮೇಲೆ ಶುರು ಮಾಡಿದರೆ ಅದು ನಡೆದಾಡುವ ಹೊತ್ತಿಗೆ ಮುಗಿದೀತು ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಒಂದು ದಾರಿ ಹೇಳಿದರು.

"ಮುಗಿದ್ರೆ ತಾನೇ ಅಲಮೇಲು, ಅದು ಅದು ಆಗೋದು? ಒಂದು ಪಟ್ಟಿ ಹಾಕ್ದೆ ಬಿಟ್ಟಿರ್ಲಿ. ಬಂದ್ಮೇಲೆ ಹಾಕಿದ್ರಾಯ್ತು. ಅಲ್ಲೀವರ್ಗೂ ಅದು ಬರೀ ಮರ."

ಇದು ಕಾನೂನಿನ ಪ್ರಕಾರ ಸರಿಯೋ ತಪ್ಪೋ ಅಲಮೇಲುವಿಗೆ ಗೊತ್ತಾಗಲಿಲ್ಲ. ಆದರೆ ಹೇಳಿದವರು ಮನೆಗೆ ಹಿರಿಯರು. ಒಂದು ಪಟ್ಟಿ ಬಾಕಿ ಇರಲೇಬೇಕು, ಆ ಹೆಸರು ಯಾರ ಬಾಯಲ್ಲೂ ಬರಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು.

ಅವರೆಕಾಯಿಯ ಕಾಲ. ಅಮ್ಮಣ್ಣಿ ಮತ್ತು ಮೈತ್ರೇಯಿ ಶೆಡ್ಡಿನ ಬಾಗಿಲ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕಾಯಿ ಸುಲಿಯುತ್ತಿದ್ದರು. ಒಳಗೆ ಸೀನು ತೇಗದ ಪಟ್ಟಿ ಕೊಯ್ಯುತ್ತಿದ್ದ. ಉದ್ದಕ್ಕೆ ಕೊಯ್ದಾಗ ತೊಂದರೆ ಇರಲಿಲ್ಲ. ಅಡ್ಡಕ್ಕೆ ಕೊಯ್ದರೆ ಮರ ನಾರು ನಾರಾಗಿ ಏಳುತ್ತಿತ್ತು. ತಲೆಕಡೆಯ ಪ್ಲೈವುಡ್ ಹಲಗೆಯಂತೂ ಕೊಯ್ದ ಅಂಚಿನುದ್ದಕ್ಕೂ ಇಲಿ ಕಡಿದ ಹಾಗಾಗಿತ್ತು. ಮೇಲಿನ ತೇಗದ ಪದರ ಚಿಕ್ಕ ಚಿಕ್ಕ ಚಕ್ಕೆಯಾಗಿ ಎದ್ದು ಸಿಬಿರು ನಿಂತಿತ್ತು.

ಅಮ್ಮಣ್ಣಿ ಎದ್ದು ಬಂದು ತಮ್ಮ ಹಳೆಯ ಹತ್ತಿ ಸೀರೆಯ ಸೆರಗನ್ನು ಆ ಅಂಚಿನ ಮೇಲೆ ಎಳೆದರು. ಸೆರಗು ಸಿಕ್ಕಿಕೊಂಡಿತು. ಬಿಡಿಸಿಕೊಂಡಾಗ ಒಂದು ನೂಲು ಉದ್ದಕ್ಕೆ ಬಂತು.

"ಈ ಶೂಗಳ ಚರ್ಮ ತುಂಬಾ ಮೆತ್ತಗಿರತ್ತೆ ಕಣೋ ಸೀನು" ಎಂದರು.

ಮೈತ್ರೇಯಿ ಅವರೆಕಾಯಿಯಿಂದ ಕಣ್ಣು ತೆಗೆಯಲಿಲ್ಲ. ಆದರೆ ತುಟಿಯ ಮೂಲೆ ಸ್ವಲ್ಪ ಅಲುಗಿತು, ಅದನ್ನು ಸೀನು ನೋಡಿದ. ಮಗಳು ಬಂದ ಮೇಲೆ ಮೊದಲ ಸಲ ನಗುವ ಹತ್ತಿರ ಬಂದಿದ್ದಳು. ಅವನಿಗೆ ಆ ಶೂ ರ‍್ಯಾಕನ್ನು ಬೆಣ್ಣೆಯಷ್ಟು ನುಣುಪು ಮಾಡಲೇಬೇಕು ಎಂಬ ಹಟ ಹುಟ್ಟಿದ್ದು ಆಗ.

ಉಪ್ಪುಕಾಗದ ಹಾಕಿ ಉಜ್ಜಿದ. ತೆಳು ಪದರ ಇನ್ನಷ್ಟು ಕಿತ್ತು ಬಂತು. ಕೊಯ್ಯುವ ಗೆರೆಯ ಮೇಲೆ ಕಾಗದದ ಟೇಪು ಅಂಟಿಸಿ ಕೊಯ್ದ. ಸ್ವಲ್ಪ ವಾಸಿ, ಆದರೆ ಟೇಪು ಕೀಳುವಾಗ ಸಿಬಿರು ಅದರ ಜೊತೆಗೇ ಎದ್ದಿತು. ಭೂತಗನ್ನಡಿ ಹಿಡಿದು ಅಂಚನ್ನು ಓದಿದ, ವಿಡಿಯೋಗಳನ್ನು ನೋಡಿದ. ಕೊನೆಗೆ ಒಂದು ಮಧ್ಯಾಹ್ನ ಹುಳಿಯನ್ನ ಕಲೆಸುತ್ತ, ತಪ್ಪೆಲ್ಲ ಬ್ಲೇಡಿನದು ಎಂದು ಸಾರಿದ. ಮಶೀನಿನ ಜೊತೆ ಬಂದ ಬ್ಲೇಡಿಗೆ ಇಪ್ಪತ್ತನಾಲ್ಕು ಹಲ್ಲು. ನಯವಾಗಿ ಕೊಯ್ಯುವುದಕ್ಕೆ ಎಂಬತ್ತು ಹಲ್ಲಿನದು ಬೇಕು.

ಅಲಮೇಲು ಮಜ್ಜಿಗೆ ಬಡಿಸುತ್ತಿದ್ದವಳು ಸೌಟು ನಿಲ್ಲಿಸಿದಳು. ಈ ಕೆಲಸದ ವಿಷಯಕ್ಕೆ ತಾನು ತಲೆ ಹಾಕುವುದಿಲ್ಲ ಎಂದು ಅವಳ ನಿರ್ಧಾರವಾಗಿತ್ತು. ಆದರೆ ತಡೆಯಲಾಗಲಿಲ್ಲ.

"ಹಲ್ಲು ಜಾಸ್ತಿ ಇದ್ರೆ ಇನ್ನೂ ಜಾಸ್ತಿ ಕಚ್ಚಲ್ವಾ?"

ಸೀನುವಿಗೆ ಖುಷಿಯಾಯಿತು. ಹಲ್ಲು ಕಮ್ಮಿ ಇದ್ದರೆ ಒಂದೊಂದು ಹಲ್ಲೂ ದೊಡ್ಡ ತುತ್ತು ತೆಗೆಯಬೇಕು, ಅದಕ್ಕೇ ಮರದ ನಾರು ಕಿತ್ತು ಬರುತ್ತದೆ. ಜಾಸ್ತಿ ಇದ್ದರೆ ಒಂದೊಂದಕ್ಕೆ ಸಿಗುವುದು ಚಿಟಿಕೆಯಷ್ಟೇ ಎಂದು ತಟ್ಟೆಯ ಮೇಲೆ ಬೆರಳಿನಲ್ಲಿ ಬರೆದು ತೋರಿಸಿದ. ಅಲಮೇಲು ಒಳಗೆ ಹೋದಳು. ಅಡುಗೆಮನೆಯಲ್ಲಿ ಎರಡು ತುರಿಮಣೆ ಇದ್ದವು. ಅವಳ ತವರಿನದಕ್ಕೆ ಸಣ್ಣ ಹಲ್ಲು, ಅದರಲ್ಲಿ ತುರಿದ ಕಾಯಿ ಹೂವಿನ ಹಾಗೆ ಬೀಳುತ್ತಿತ್ತು. ಅತ್ತೆಯದಕ್ಕೆ ಒರಟು ಹಲ್ಲು, ಅದರಲ್ಲಿ ಚೂರು ಚೂರಾಗಿ ಬರುತ್ತಿತ್ತು. ಇಷ್ಟು ವರ್ಷ ಅವಳು ಅದು ತನ್ನ ಕೈಗುಣ ಎಂದುಕೊಂಡಿದ್ದಳು. ಎರಡನ್ನೂ ತಿರುಗಿಸಿ ಹಲ್ಲು ಎಣಿಸಲು ಹೋಗಿ, ಯಾರಾದರೂ ನೋಡಿಯಾರೆಂದು ವಾಪಸು ಇಟ್ಟಳು.

ಆ ವಾರ ಇಬ್ಬರೂ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೊರಟರು. ಅಲಮೇಲುವಿಗೆ ಅವರೆಕಾಯಿ ಬೇಕಿತ್ತು. ದಾರಿಯಲ್ಲಿ ಸಿದ್ದಾಪುರದ ಕಡೆ ತಿರುಗಿಸಿ ಸೀನು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿಸಿದ. ಅಂಗಡಿಯ ಮುತ್ತುರಾಜ ಮಾತುಗಾರ, ಗಿರಾಕಿ ಏನು ಕೇಳಿದರೂ ಅದು ಯಾತಕ್ಕೆ ಎಂದು ತಿಳಿದುಕೊಳ್ಳದೆ ಕೊಡುತ್ತಿರಲಿಲ್ಲ. ಎಂಬತ್ತು ಹಲ್ಲಿನ ಬ್ಲೇಡು ಎಂದ ಕೂಡಲೇ ಏನು ಮಾಡುತ್ತಿದ್ದೀರಿ ಎಂದು ಕೇಳಿದ. ಸೀನು ಪಕ್ಕಕ್ಕೆ ನೋಡಿದ. ಅಲಮೇಲು ಚೀಲ ಹಿಡಿದು ಅಲ್ಲೇ ನಿಂತಿದ್ದಳು.

"ಶೂ ರ‍್ಯಾಕು" ಎಂದ.

"ಅಯ್ಯೋ ಸಾರ್, ಶೂ ರ‍್ಯಾಕಿಗೆ ಯಾಕೆ ಎಂಬತ್ತು? ನಲವತ್ತು ಸಾಕು. ಒರಟು ಅಂಚನ್ನ ಗೋಡೆ ಕಡೆ ತಿರುಗ್ಸಿ ಇಟ್ಬಿಡಿ, ಯಾರ್ ನೋಡ್ತಾರೆ?"

ಎಂಬತ್ತರದಕ್ಕೆ ಮನೆಯ ಒಂದು ತಿಂಗಳ ಹಾಲಿನಷ್ಟು ಬೆಲೆ. ಅವರು ಹೇಳುವುದು ಸರಿ ಅಲ್ಲವೇ ಎಂದು ಅಲಮೇಲುವೂ ಸೇರಿಸಿದಳು. ಸೀನುವಿಗೆ ಬಾಯಿ ಬಿಡುವ ಹಾಗಿರಲಿಲ್ಲ. ನಲವತ್ತು ಹಲ್ಲಿನದನ್ನು ಕಟ್ಟಿಸಿಕೊಂಡು ಬಂದ.

ಇಲಿ ಕಡಿದದ್ದು ಈಗ ಇರುವೆ ಕಡಿದ ಹಾಗಾಯಿತು, ಅಷ್ಟೇ. ಅಮ್ಮಣ್ಣಿಯ ಸೆರಗು ಮತ್ತೆ ಸಿಕ್ಕಿಕೊಂಡಿತು.

ಭಾನುವಾರ ಸುಶ್ರುತ ಮಧ್ಯಾಹ್ನದ ಊಟಕ್ಕೆ ಬಂದ. ಹಿತಕಿದ ಬೇಳೆ ಸಾರು, ಮುದ್ದೆ ಅವನಿಗೆ ಇಷ್ಟ ಎಂದು ಮುದ್ದೆಯೂ ಇತ್ತು. ಶೆಡ್ಡಿನಲ್ಲಿ ಅರ್ಧ ಎದ್ದು ನಿಂತಿದ್ದ ಕೆಲಸವನ್ನು ನೋಡಿಕೊಂಡು ಬಂದಿದ್ದ. ಈ ಮನೆಯ ಆಟ ಅವನಿಗೂ ಅಭ್ಯಾಸವಾಗಿತ್ತು. ಮೇಲಿನ ಅಂಚು ಸ್ವಲ್ಪ ದುಂಡಗಿರಲಿ ಮಾವ, ಶೂ ಎದ್ದು ನಿಂತುಕೊಂಡಾಗ ಗದ್ದಕ್ಕೆ ತಗುಲಬಾರದು ಎಂದ. ಅಮ್ಮಣ್ಣಿ ಸಾರು ನೆತ್ತಿಗೇರುವಷ್ಟು ನಕ್ಕರು. ಸೀನು ನಗಲಿಲ್ಲ. ಅಂಚು ದುಂಡಗೆ ಮಾಡುವುದಿರಲಿ, ನೆಟ್ಟಗೆ ಕೊಯ್ಯುವುದಕ್ಕೇ ಆಗುತ್ತಿಲ್ಲ ಎಂದ. ಒಂದು ಮಾತಿಗೆ ಒಂದು ಸೇರಿ, ಅಂಗಡಿಯಲ್ಲಿ ನೀನು ಪಕ್ಕದಲ್ಲಿ ನಿಂತಿದ್ದಕ್ಕೇ ಬೇಡದ ಬ್ಲೇಡು ತಂದೆ ಎಂದು ಹೆಂಡತಿಯ ಮೇಲೆ ರೇಗಿದ.

"ನಾನು ಬಾಯಿ ಮುಚ್ಚಿದ್ನಾ ನಿಮ್ದು?" ಎಂದಳು ಅಲಮೇಲು.

"ಮುಚ್ಚಿಸ್ದೆ ಇನ್ನೇನು? ಎಂಬತ್ತು ಹಲ್ಲು ಯಾಕೆ ಬೇಕು ಅಂತ ನಿಜ ಹೇಳಿದ್ರೆ ಅವನೇ ತೆಗ್ದು ಕೊಡ್ತಿದ್ದ."

"ನಿಜ ಹೇಳಿ ಏನಾಗ್ಬೇಕಿತ್ತು? ಹೋದ ಸಲ ಆಗಿದ್ದು ಸಾಲ್ದಾ?"

ಮಾತು ಹೊರಬಿದ್ದ ಮೇಲೆ ಅಲಮೇಲುವಿಗೇ ಗಾಬರಿಯಾಯಿತು. ಮೈತ್ರೇಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ವಾಪಸು ಇಟ್ಟಳು. ಅವಳ ದನಿ ಏರಲಿಲ್ಲ.

"ಈ ಸಲಾನೂ ಏನಾದ್ರೂ ಆದ್ರೆ ಅದನ್ನ ಯಾರ ಮೇಲೆ ಹಾಕ್ತೀಯಮ್ಮ? ಶೂ ರ‍್ಯಾಕ್ ಮೇಲಾ, ನನ್ನ ಮೇಲಾ?"

ಮೈತ್ರೇಯಿ ಮೇಜಿಗೆ ಕೈ ಊರಿ ಎದ್ದು, ಕೈ ತೊಳೆದು ಕೋಣೆಗೆ ಹೋದಳು, ಸುಶ್ರುತ ಅವಳ ಹಿಂದೆ ಹೋದ. ಸೀನುವಿಗೆ ತನ್ನ ಮೇಲೆಯೇ ಸಿಟ್ಟು ಬಂದು ಶೆಡ್ಡಿಗೆ ಹೋಗಿ ಮಶೀನು ಹಾಕದೆ ಸುಮ್ಮನೆ ಕೂತ. ತಟ್ಟೆಗಳಲ್ಲಿ ಸಾರು ಆರಿತು.

ಅಲಮೇಲು ಪಾತ್ರೆ ತೊಳೆಯುತ್ತಿದ್ದಾಗ ಅಮ್ಮಣ್ಣಿ ಬಂದು ಅಡುಗೆಮನೆಯ ಮಣೆಯ ಮೇಲೆ ಕೂತರು. ತನ್ನನ್ನು ಬೈಯುವುದಕ್ಕೆ ಬಂದಿರಬಹುದು ಎಂದು ಅಲಮೇಲು ಕಾದಳು.

"ನಂಗೂ ಒಂದು ಹೋಗಿತ್ತು. ಸೀನುಗಿಂತ ಮುಂಚೆ" ಎಂದರು ಅಮ್ಮಣ್ಣಿ.

ನಲ್ಲಿ ಸುರಿಯುತ್ತಲೇ ಇತ್ತು. ಅಲಮೇಲು ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಈ ಮಾತು ಅವಳು ಕೇಳಿರಲಿಲ್ಲ.

"ಮನೇಗೆ ಒಂದು ಬಟ್ಟೆ ತುಂಡೂ ತಂದಿರ್ಲಿಲ್ಲ. ಎಲ್ಲಾ ಶಾಸ್ತ್ರದ ಪ್ರಕಾರವೇ ಇತ್ತು. ನಮ್ಮತ್ತೆ ಏನಂದ್ರು ಗೊತ್ತಾ? ಸಾಯಂಕಾಲದ ಹೊತ್ತು ಬಾವಿಕಟ್ಟೆ ಮೇಲೆ ಕೂತಿದ್ದಕ್ಕೇ ಹೀಗಾಯ್ತು ಅಂದ್ರು. ನಾನೂ ಹೌದೇನೋ ಅಂದ್ಕೊಂಡೆ. ಎಷ್ಟೋ ವರ್ಷ ಸಾಯಂಕಾಲ ಆದ್ಮೇಲೆ ಬಾವಿ ಹತ್ರ ಹೋಗ್ಲೇ ಇಲ್ಲ."

ಇಷ್ಟು ಹೇಳಿ, ನಲ್ಲಿ ನಿಲ್ಲಿಸು, ನೀರು ಹೋಗ್ತಿದೆ ಎಂದು ಎದ್ದು ಹೋದರು.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಉಪ್ಪಿಟ್ಟು ಮಾಡಿಟ್ಟು, ಅಲಮೇಲು ಶೆಡ್ಡಿನಿಂದ ಸಿಬಿರೆದ್ದ ಒಂದು ಪ್ಲೈವುಡ್ ತುಂಡನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹಳೆಯ ಸೀರೆಯ ಒಂದು ಚೂರನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದಳು. ಎಲ್ಲಿಗೆ ಎಂದು ಯಾರಿಗೂ ಹೇಳಲಿಲ್ಲ. ಮುತ್ತುರಾಜ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ. ಅವಳು ಮರದ ತುಂಡನ್ನು ಗಲ್ಲಾದ ಮೇಲಿಟ್ಟು, ಬಟ್ಟೆಯನ್ನು ಅದರ ಅಂಚಿನ ಮೇಲೆ ಎಳೆದು ತೋರಿಸಿದಳು. ಹೀಗೆ ಸಿಕ್ಕಿಕೊಳ್ಳದ ಹಾಗೆ ಕೊಯ್ಯುವ ಬ್ಲೇಡು ಬೇಕು ಎಂದಳು. ಶೂ ರ‍್ಯಾಕಿಗಾ ಮೇಡಂ ಎಂದ ಅವನು.

"ಹೂಂ. ಶೂ ರ‍್ಯಾಕಿಗೇ. ಆದ್ರೆ ಅದನ್ನ..." ಅಲಮೇಲು ಸುತ್ತ ನೋಡಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಅದನ್ನ ಬಾಯಿಗೆ ಹಾಕ್ಕೋತಾರೆ."

ಮುತ್ತುರಾಜ ಒಂದು ಕ್ಷಣ ಊದುಬತ್ತಿ ಹಿಡಿದುಕೊಂಡೇ ನಿಂತ. ಆಮೇಲೆ ಅವನ ಮುಖ ಅರಳಿತು.

"ಅಂಥಾ ಶೂ ರ‍್ಯಾಕಾ ಮೇಡಂ? ಮೊದ್ಲೇ ಹೇಳ್ಬಾರ್ದಾ? ನಮ್ಮನೇಲೂ ಹೋದ ವರ್ಷ ಒಂದು ಶೂ ರ‍್ಯಾಕ್ ಬಂತು."

ಅವನೂ ಆ ಹೆಸರು ಹೇಳಲಿಲ್ಲ. ಎಂಬತ್ತು ಹಲ್ಲಿನ ಬ್ಲೇಡನ್ನು ಪೊಟ್ಟಣದಿಂದ ತೆಗೆದು ಬೆಳಕಿಗೆ ಹಿಡಿದು ತೋರಿಸಿದ. ಅಡ್ಡಕ್ಕೆ ಕೊಯ್ಯುವುದಕ್ಕೆ ಮಾತ್ರ ಇದು, ಉದ್ದಕ್ಕೆ ಸೀಳುವುದಕ್ಕೆ ಹಳೆಯದೇ ಇರಲಿ ಎಂದು ಸಾರ್‌ಗೆ ಹೇಳಿ ಎಂದ. ಪಾಲಿಶ್ ಹೊಡೆಯಬೇಡಿ, ಜೇನುಮೇಣ ಉಜ್ಜಿ, ಶೂಗಳು ನೆಕ್ಕಿದರೂ ಏನೂ ಆಗುವುದಿಲ್ಲ ಎಂದು ಒಂದು ಚಿಕ್ಕ ಡಬ್ಬಿಯನ್ನೂ ಕಟ್ಟಿಕೊಟ್ಟ. ಯಾವಾಗ ಎಂದು ಕೇಳಿದ. ಸಂಕ್ರಾಂತಿ ಆದ ಮೇಲೆ ಎಂದಳು ಅಲಮೇಲು. ಹೊರಗಿನವನೊಬ್ಬನಿಗೆ ಅದನ್ನು ಹೇಳಿಬಿಟ್ಟೆನಲ್ಲ ಎಂದು ಹೆದರಿದಳು. ಆದರೆ ಮನೆ ಸೇರುವವರೆಗೂ ಆಟೋದಲ್ಲಿ ಒಬ್ಬಳೇ ನಗುತ್ತಿದ್ದಳು.

ಸೀನುವಿನ ಕೈಗೆ ಪೊಟ್ಟಣ ಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವನು ಪ್ಲಗ್ಗು ಕಿತ್ತು, ಹಳೆಯ ಬ್ಲೇಡು ಬಿಚ್ಚಿ ಹೊಸದನ್ನು ಕೂರಿಸಿದ. ಬ್ಲೇಡಿನ ಮೇಲಿನ ಬಾಣದ ಗುರುತು ಯಾವ ಕಡೆಗಿದೆ ನೋಡಿಕೊಂಡಿರಾ ಎಂದು ಅವಳೇ ಕೇಳಿದಳು. ಅದು ಸರಿಯಾಗಿಯೇ ಇತ್ತು, ಆದರೂ ಅವನು ಮತ್ತೊಮ್ಮೆ ನೋಡಿದ.

ಮಶೀನು ಶುರುವಾದಾಗ ಸದ್ದೇ ಬೇರೆಯಾಗಿತ್ತು. ಮೊದಲಿನದು ಗೊರ್ ಎಂದು ಬೀದಿಗೆಲ್ಲ ಕೇಳುತ್ತಿತ್ತು, ಇದು ಸಣ್ಣಗೆ ಗುಂಯ್ ಎನ್ನುತ್ತಿತ್ತು. ಸದ್ದು ಬದಲಾದದ್ದು ಕೇಳಿ ಅಮ್ಮಣ್ಣಿ ಕೋಲು ಊರಿಕೊಂಡು ಬಂದರು. ಮೈತ್ರೇಯಿಯೂ ಕಿವಿಯಿಂದ ಫೋನಿನ ವೈರು ಕಿತ್ತುಕೊಂಡು ಬಾಗಿಲಲ್ಲಿ ನಿಂತಳು. ಸೀನು ಹಲಗೆಯನ್ನು ಬಹಳ ನಿಧಾನವಾಗಿ ತಳ್ಳಿದ, ನಡುವೆ ಒಂದು ಸಲ ನಿಲ್ಲಿಸಿ ಬಗ್ಗಿ ನೋಡಿದ, ಮತ್ತೆ ತಳ್ಳಿದ. ಅಂಚು ಗಾಜಿನಂತೆ ಬಂದಿತ್ತು. ಆದರೆ ಅವನು ನಿಲ್ಲಿಸಿದ ಜಾಗದಲ್ಲಿ ಹೆಬ್ಬೆರಳಗಲದ ಕಪ್ಪು ಕಲೆ, ಸುಟ್ಟ ವಾಸನೆ. ಬ್ಲೇಡು ಕೆಟ್ಟದ್ದೇ ಇರಬೇಕು ಎಂದು ಅವನ ಮುಖ ಸಣ್ಣದಾಯಿತು.

"ನಡುವೆ ನಿಲ್ಸಿದ್ರಲ್ಲ. ಕಾದ ಕಾವಲಿ ಮೇಲೆ ದೋಸೆ ಬಿಟ್ರೆ ಸೀಯಲ್ವಾ? ನಿಲ್ಲಿಸ್ದೆ ಒಂದೇ ಸಮ ತಳ್ಳಿ" ಎಂದಳು ಅಲಮೇಲು.

ಒಂದೇ ಸಮ ತಳ್ಳಿದ. ಕಲೆಯಿಲ್ಲ. ಯಾಕೆ ಹೀಗೆ ಎಂದು ಅವನಿಗೆ ಕುತೂಹಲ ಹತ್ತಿ, ಬೇಡದ ತುಂಡುಗಳ ಮೇಲೆ ಜೋರಾಗಿ ಒಂದು, ಮೆಲ್ಲಗೆ ಒಂದು, ಉದ್ದಕ್ಕೆ ಒಂದು ಎಂದು ಕೊಯ್ದು ನೋಡಿದ. ಉದ್ದಕ್ಕೆ ಕೊಯ್ದದ್ದು ಮತ್ತೆ ಸುಟ್ಟಿತು. ಮುತ್ತುರಾಜನ ಮಾತನ್ನು ಅಲಮೇಲು ಆಗ ಹೇಳಿದಳು. ಮೊದಲೇ ಹೇಳಬಾರದಿತ್ತೇ ಎಂದರೆ, ನೀವು ಹೇಗೆ ಮಾಡುತ್ತೀರೋ ನೋಡೋಣ ಎಂದುಕೊಂಡೆ ಎಂದಳು. ಅಷ್ಟರಲ್ಲಿ ಮೈತ್ರೇಯಿ ಒಳಗೆ ಬಂದು, ಒಂದು ತುಂಡನ್ನು ನಾನೂ ಕೊಯ್ಯಲಾ ಎಂದಳು. ಮೂವರೂ ಒಟ್ಟಿಗೆ ಬೇಡ ಎಂದರು. ಅವಳು ಅಂಚಿನ ಮೇಲೆ ಬೆರಳಾಡಿಸಿದಳು, ಆಮೇಲೆ ಕೆನ್ನೆಗೆ ಒತ್ತಿಕೊಂಡು ನೋಡಿದಳು. ತಾಯಿಯ ಕಡೆ ನೋಡಲಿಲ್ಲ.

ಅಮ್ಮಣ್ಣಿ ಸೆರಗು ಎಳೆದು ನೋಡಿದರು. ಅದು ನೀರಿನ ಮೇಲೆ ಎಳೆದ ಹಾಗೆ ಜಾರಿ ಬಂತು.

ಆಮೇಲಿನ ವಾರಗಳಲ್ಲಿ ಕೆಲಸ ಬೇಗ ಬೇಗ ಸಾಗಿತು. ಪಟ್ಟಿಗಳು ಒಂದೊಂದಾಗಿ ನಿಂತವು. ಸುಶ್ರುತ ಬಂದಾಗಲೆಲ್ಲ ಮೇಣ ಉಜ್ಜಿದ. ಸಂಕ್ರಾಂತಿಯ ಎಳ್ಳಿಗೆಂದು ಅಲಮೇಲು ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ ಮೊರದಲ್ಲಿ ಒಣಗಲು ಇಡುತ್ತಿದ್ದಳು. ಮರದ ಪುಡಿ ಬೀಳುತ್ತದೆ ಎಂದು ಒಂದು ದಿನವೂ ಕೂಗಾಡಲಿಲ್ಲ. ಎಲ್ಲ ಮುಗಿದು, ಎಡಪಕ್ಕದ ಸಾಲಿನಲ್ಲಿ ಒಂದು ಪಟ್ಟಿಯ ಜಾಗ ಮಾತ್ರ ಖಾಲಿ ಉಳಿಯಿತು. ಸೀನು ಆ ಪಟ್ಟಿಯ ಮರವನ್ನು ಅಳತೆಗಿಂತ ಉದ್ದವಾಗಿಯೇ ಗೋಡೆಗೆ ಒರಗಿಸಿಟ್ಟ. ಮೈತ್ರೇಯಿ ದಿನಾ ಅಂಗಳದಲ್ಲಿ ಓಡಾಡುವಾಗ ಆ ಕಿಂಡಿಯನ್ನು ನೋಡಿ ಮುಂದೆ ಹೋಗುತ್ತಿದ್ದಳು. ತಾಯಿ ಮಗಳ ನಡುವೆ ಮಾತು ಇತ್ತು, ಆದರೆ ಬರೀ ಬಿಸಿನೀರು, ಮಾತ್ರೆ, ಹಾಲಿನ ಮಾತು.

ಒಂದು ಮಧ್ಯಾಹ್ನ ಅಲಮೇಲು ಕೊಬ್ಬರಿ ಹೆಚ್ಚುತ್ತಿದ್ದಳು. ಕಿಟಕಿಯಿಂದ ಶೆಡ್ಡು ಕಾಣುತ್ತಿತ್ತು. ಮೈತ್ರೇಯಿ ಒಳಗೆ ನಿಂತು ಆ ಖಾಲಿ ಜಾಗದಲ್ಲಿ ಕೈ ತೂರಿಸಿದ್ದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳು ಅಳುತ್ತಿರಲಿಲ್ಲ, ಸುಮ್ಮನೆ ನಿಂತಿದ್ದಳು. ಅವಳಿಗೆ ಭಯವಾಗಿದೆ ಎಂದು ಅಲಮೇಲುವಿಗೆ ಗೊತ್ತಾಯಿತು. ಏನಾಗುತ್ತದೋ ಎಂಬ ಭಯವಲ್ಲ, ತನ್ನಿಂದಲೇ ಆಯಿತು ಎನ್ನುತ್ತಾರೋ ಎಂಬ ಭಯ. ಅದನ್ನು ಮಗಳ ಎದೆಯಲ್ಲಿ ಇಟ್ಟವಳು ತಾನೇ.

ಈಳಿಗೆಮಣೆ ಸರಿಸಿ ಎದ್ದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಶೆಡ್ಡಿಗೆ ಹೋದಳು. ಸೀನು ಸ್ಟೂಲಿನ ಮೇಲೆ ಕೂತು ಪೇಪರು ಓದುತ್ತಿದ್ದ.

"ರೀ, ಆ ಕೊನೇ ಪಟ್ಟೀನೂ ಹಾಕಿ. ತೊಟ್ಟಿಲು ಮುಗಿಸ್ಬಿಡಿ" ಎಂದಳು.

ಸೀನುವಿನ ಕೈಯಲ್ಲಿ ಪೇಪರು ಹಾಗೇ ನಿಂತಿತು. ಆ ಮನೆಯಲ್ಲಿ ಆ ಹೆಸರು ಕೇಳಿಸಿದ್ದು ಅದೇ ಮೊದಲು. ನೀನೇ ಹೇಳುತ್ತಿದ್ದೀಯಾ ಎಂದು ಕೇಳಿದ. ಇನ್ನು ಯಾರು ಹೇಳಬೇಕು ಎಂದಳು. ಅವನು ಮತ್ತೆ ಕೇಳಲಿಲ್ಲ. ಮರ ತೆಗೆದು ಅಳತೆ ಹಿಡಿದು ಗೆರೆ ಎಳೆದ, ಮಶೀನು ಹಾಕಿದ, ನಿಲ್ಲಿಸದೆ ಒಂದೇ ಸಮ ತಳ್ಳಿದ. ಪಟ್ಟಿ ಕಿಂಡಿಯಲ್ಲಿ ಕೂತಿತು, ಸುತ್ತಿಗೆಯ ಎರಡು ಪೆಟ್ಟಿಗೆ ಬಿಗಿಯಾಯಿತು.

ಮೈತ್ರೇಯಿ ಗೋಡೆಗೆ ಒರಗಿ ನಿಂತಿದ್ದಳು.

"ನಿಂಗೆ ಹೆದ್ರಿಕೆ ಆಗಲ್ವೇನಮ್ಮ?"

"ಆಗತ್ತೆ. ಆದ್ರೆ ಹೆದ್ರಿಕೆ ನಂದು ಕಣೆ. ತಪ್ಪು ನಿಂದಲ್ಲ. ಅವತ್ತೂ ಇರ್ಲಿಲ್ಲ, ನಾಳೆ ಏನೇ ಆದ್ರೂ ಅಲ್ಲ. ನಾನು ಆಸ್ಪತ್ರೇಲಿ ಅಂದಿದ್ದು ಅನ್ಬಾರ್ದಿತ್ತು."

ಮೈತ್ರೇಯಿ ಅತ್ತಳು. ಆಸ್ಪತ್ರೆಯಲ್ಲೂ ಅವಳು ಅಷ್ಟು ಜೋರಾಗಿ ಅತ್ತಿರಲಿಲ್ಲ. ಅಲಮೇಲು ಅವಳನ್ನು ಅಪ್ಪಿಕೊಳ್ಳಲು ಹೋದರೆ ಹೊಟ್ಟೆ ಅಡ್ಡ ಬಂತು, ಪಕ್ಕದಿಂದ ಹಿಡಿದುಕೊಂಡಳು. ಒಳಗಿದ್ದ ಮಗು ಅಜ್ಜಿಯ ಕೈಗೆ ಒಂದು ಒದೆ ಕೊಟ್ಟಿತು. ಇಬ್ಬರೂ ಅಳುತ್ತ ಅಳುತ್ತಲೇ ನಕ್ಕರು. ಸೀನು ಸುಮ್ಮನೆ ನಿಲ್ಲಲಾರದೆ, ಸರಿಯಾಗಿದೆಯಾ ನೋಡೋಣ ಎಂದು ತೊಟ್ಟಿಲನ್ನು ಒಂದು ಕೈಯಿಂದ ತಳ್ಳಲು ಹೋದ.

"ಲೇ, ಖಾಲಿ ತೊಟ್ಟಿಲು ತೂಗ್ಬೇಡ್ವೋ" ಎಂದು ಅಂಗಳದಿಂದ ಅಮ್ಮಣ್ಣಿಯ ಕೂಗು ಬಂತು. ಅವರು ಯಾವಾಗಿನಿಂದ ಅಲ್ಲಿ ನಿಂತಿದ್ದರೋ ಯಾರಿಗೂ ಗೊತ್ತಿಲ್ಲ.

ಅಲಮೇಲು ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಚಿಕ್ಕ ಒರಳಿನ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅಮ್ಮಣ್ಣಿಯ ನೂಲು ಕಿತ್ತ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುವುದು ಅದನ್ನೇ. ಇವತ್ತೇ ಮಲಗಿಸಿದರೆ ತಪ್ಪೇನು ಎಂದಳು. ಅಮ್ಮಣ್ಣಿ ತಪ್ಪಿಲ್ಲ ಎಂದರು. ಕಲ್ಲು ಮಗುವಿಗಿಂತ ಭಾರ, ತಡೆದರೆ ಒಳ್ಳೆಯದೇ ಎಂದು ಸೀನು ಬಗ್ಗಿ ಕೀಲುಗಳನ್ನು ನೋಡತೊಡಗಿದ.

ಮೈತ್ರೇಯಿ ಸ್ಟೂಲು ಎಳೆದುಕೊಂಡು ಕೂತಳು. ಹೊಸದಾಗಿ ಕೂತ ಪಟ್ಟಿಯ ಮೇಲೆ ಕೈಯಿಟ್ಟು ತೊಟ್ಟಿಲನ್ನು ಮೆಲ್ಲಗೆ ತೂಗಿದಳು. ಅದು ಸದ್ದಿಲ್ಲದೆ ಆ ಕಡೆ ಹೋಗಿ ಈ ಕಡೆ ಬಂತು. ಅಲಮೇಲು ಅವಳ ಪಕ್ಕದಲ್ಲಿ ನೆಲದ ಮೇಲೆ, ಮರದ ಪುಡಿಯಲ್ಲೇ ಕೂತಳು.